ಮಿಲ್ಲಿನ ಹಿಂದಿನ ಕೋಣೆಯ ಗಾಳಿ

ಕಡಬ
ಫೆಬ್ರವರಿ ೧೧, ೨೦೨೫, ಮಂಗಳವಾರ

ಪ್ರೀತಿಯ ಸುಂದರಿ,

ಹೀಗೆ ಬರೆದದ್ದನ್ನು ನೋಡಿ ನಗಬೇಡ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಹೆಂಡತಿಗೆ ಹೇಗೆ ಶುರು ಮಾಡಬೇಕೆಂದು ಈ ವಯಸ್ಸಿನಲ್ಲಿ ಯಾರ ಹತ್ತಿರ ಕೇಳಲಿ? ನಿನ್ನ ಎದೆ ಹೇಗಿದೆ? ಬೆಳಿಗ್ಗೆ ಏಳುವಾಗ ಬರುತ್ತಿದ್ದ ಆ ಸುಂಯ್ ಸುಂಯ್ ಕಡಿಮೆಯಾಗಿದೆಯಾ? ಎಳೆದುಕೊಳ್ಳುವ ಮದ್ದನ್ನು ಎರಡು ಹೊತ್ತೂ ತೆಗೆದುಕೊಳ್ಳುತ್ತೀಯಾ, ಇಲ್ಲ ಸ್ವಲ್ಪ ಹಗುರಾದ ಕೂಡಲೇ ಬಿಟ್ಟಿದ್ದೀಯಾ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಪಂಜದಲ್ಲಿ ನಿನ್ನ ತವರಿನವರಿಗೆ ರೇಂಜ್ ಸಿಗುವುದು ಹಟ್ಟಿಯ ಮೂಲೆಯಲ್ಲಿ ಮಾತ್ರ. ಅಲ್ಲಿ ನಿನ್ನ ಅಮ್ಮ, ತಮ್ಮ ಲತೀಶ, ಎರಡು ದನ, ಎಲ್ಲರೂ ನಮ್ಮ ಮಾತಿಗೆ ಕಿವಿ ಕೊಟ್ಟು ನಿಂತಿರುತ್ತಾರೆ. ನಾನು "ಊಟ ಆಯ್ತಾ" ಎನ್ನುತ್ತೇನೆ, ನೀನು "ಆಯ್ತು" ಎನ್ನುತ್ತೀ, ಕಟ್ಟಾಗುತ್ತದೆ. ಇವತ್ತು ಇಡೀ ದಿನ ಕರೆಂಟ್ ಇಲ್ಲ, ಮಿಲ್ಲು ನಿಂತಿದೆ, ಅದಕ್ಕೇ ಬರೆಯಲು ಕೂತೆ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಕಾಗದದ ಕ್ರಮ ಅದು. ಆದರೆ ಚೆನ್ನಾಗಿಲ್ಲ. ಮಿಲ್ಲಿಗೆ ಜನ ಬರುವಷ್ಟು ಹೊತ್ತು ಪರವಾಗಿಲ್ಲ. ಬಾಗಿಲು ಹಾಕಿದ ಮೇಲೆ ಹಿಂದಿನ ಕೋಣೆಗೆ ಬಂದರೆ ಎಂತ ಮಾಡುವುದೆಂದೇ ತಿಳಿಯುವುದಿಲ್ಲ. ಗಂಜಿ ಬೇಯಿಸುತ್ತೇನೆ, ಇಬ್ಬರಿಗಾಗುವಷ್ಟು ಆಗುತ್ತದೆ. ಅಕ್ಕಿ ಅಳೆಯಲು ಬರುವುದಿಲ್ಲ ಎಂದು ಹೇಳಿದರೆ ಮಿಲ್ಲಿನವನನ್ನು ಊರೇ ನಗಾಡೀತು. ಟೀವಿ ಹಾಕಿದರೆ ಬೈಯಲು ಯಾರೂ ಇಲ್ಲದ್ದರಿಂದ ಅದೂ ಬೇಡವೆನಿಸುತ್ತದೆ. ದೀಪಾವಳಿ ಕಳೆದು ನೀನು ಹೋದ ದಿನ ನಾನು ಹೇಳಿದ ಮಾತು ನಿನಗೂ ನೆನಪಿರಬೇಕು: "ಮಿಲ್ಲಿನ ಹುಡಿಗೆ ಕೆಮ್ಮು ಬರುದಾದ್ರೆ ನಂಗೆ ಯಾಕೆ ಬರುದಿಲ್ಲ? ತವರಿಗೆ ಹೋಗ್ಲಿಕ್ಕೆ ಒಂದು ನೆಪ ನಿಂಗೆ." ನೀನು ಚೀಲ ಎತ್ತಿಕೊಂಡು ಹೋದೆ. ಜಗಳ ಮಾಡಿ ಹೋಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಾನೊಂದು ಪೆಟ್ಟಿಗೆ ಮಾಡಿದ್ದೇನೆ, ಗಾಳಿ ಸೋಸುವ ಪೆಟ್ಟಿಗೆ. ಐಡಿಯಾ ನಿನ್ನ ಮಗಳು ಭವಿತಾಳದ್ದು. ಪುತ್ತೂರಿನಲ್ಲಿ ಅವಳು ನರ್ಸ್ ಆಗಿರುವ ಆಸ್ಪತ್ರೆಯಲ್ಲಿ, ಜನ ಕಾಯುವ ಕೋಣೆಗೆ ಇಂಥದ್ದೊಂದನ್ನು ಅವರೇ ಮಾಡಿ ಇಟ್ಟಿದ್ದಾರಂತೆ. ಅಂಗಡಿಯಲ್ಲಿ ಸಿಗುವಂಥದ್ದು ನಮ್ಮಂಥವರಿಗೆ ಎಟುಕುವುದಿಲ್ಲ, ಇದಕ್ಕಾದರೆ ಒಂದು ಫ್ಯಾನು, ನಾಲ್ಕು ಫಿಲ್ಟರು, ರಟ್ಟು, ಗಮ್ ಟೇಪು ಸಾಕು. ಪುತ್ತೂರಿನ ಎ.ಸಿ. ರಿಪೇರಿಯವರಿಂದ ಭವಿತಾ ಮಡಿಕೆ ಮಡಿಕೆಯಾಗಿರುವ ನಾಲ್ಕು ಫಿಲ್ಟರ್ ತಂದುಕೊಟ್ಟಳು. ನಾಲ್ಕು ಗೋಡೆಗೆ ಅವು, ತಳಕ್ಕೆ ನಮ್ಮ ಟೀವಿ ಬಂದಿದ್ದ ರಟ್ಟು, ಮೇಲೆ ಮನೆಯ ಮಾಡಿನ ಹಾಗೆ ಫ್ಯಾನು. ಮಿಲ್ಲಿನ ಹುಡಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಹೊರಗಿನಿಂದ ತೆಳು ಬಟ್ಟೆ ಸುತ್ತಿ ಅದನ್ನು ಆಗಾಗ ಒಗೆ ಎಂದಳು. ತೆಳು ಬಟ್ಟೆ ಎಲ್ಲಿಂದ ತರಲಿ? ನಿನ್ನ ಆ ಹಳೆಯ ಬಿಳಿ ವಾಯಿಲ್ ಸೀರೆಯನ್ನು ಕತ್ತರಿಸಿದೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು ಮಾರಾಯ್ತಿ, ಉಳಿದದ್ದನ್ನು ಆಮೇಲೆ ಓದು.

ಮೊದಲ ಸಲ ಮಾಡಿದಾಗ ಮರ್ಯಾದೆ ಹೋಯಿತು. ಇಷ್ಟು ವರ್ಷ ನಾನು ನೋಡಿದ್ದೆಲ್ಲ ಮೇಲಿನಿಂದ ಸುರಿಯುವುದು, ಕೆಳಗಿನಿಂದ ಬರುವುದು. ಅಕ್ಕಿಯೂ ಹಾಗೆ, ಮೆಣಸೂ ಹಾಗೆ. ಗಾಳಿಯೂ ಹಾಗೆಯೇ ಇರಬೇಕೆಂದು ಫ್ಯಾನಿನ ಮುಖವನ್ನು ಕೆಳಗೆ ಮಾಡಿ ಬಿಗಿದೆ. ಜನ ಕೂರುವ ಬೆಂಚಿನ ಪಕ್ಕ ಇಟ್ಟು ಸ್ವಿಚ್ ಹಾಕಿದ್ದೇ ತಡ, ಪೆಟ್ಟಿಗೆ ಉಬ್ಬಿ ಟೇಪು ಪಟಪಟ ಬಿಟ್ಟುಹೋಯಿತು, ಸಂದಿನಿಂದ ನುಗ್ಗಿದ ಗಾಳಿಗೆ ಗೋಡೆಯ ಬುಡದಲ್ಲಿ ವರ್ಷಗಟ್ಟಲೆ ಕೂತಿದ್ದ ಮೆಣಸಿನ ಹುಡಿಯೆಲ್ಲ ಎದ್ದಿತು. ಪತ್ತಿರಿ ರೊಟ್ಟಿಗೆಂದು ಅಕ್ಕಿ ತಂದು ಬೆಂಚಿನಲ್ಲಿ ಕೂತಿದ್ದ ರುಖಿಯಮ್ಮ ಸೀನಿ ಸೀನಿ ಅಂಗಳಕ್ಕೆ ಓಡಿದರು. "ಎಂತ ಮಾರಾಯ್ರೆ, ಅಕ್ಕಿ ಹುಡಿ ಮಾಡಿ ಅಂದ್ರೆ ಮನುಷ್ಯರನ್ನೇ ಹುಡಿ ಮಾಡುದಾ?" ಎಂದು ಅಲ್ಲಿಂದಲೇ ಕೂಗಿದರು. ಭವಿತಾಳಿಗೆ ವಿಡಿಯೋದಲ್ಲಿ ತೋರಿಸಿದರೆ ಅವಳು ಹಣೆ ಚಚ್ಚಿಕೊಂಡಳು: "ಅಪ್ಪಾ, ಫ್ಯಾನ್ ಉಲ್ಟಾ ಉಂಟು! ಅದು ಗಾಳಿಯನ್ನು ಪೆಟ್ಟಿಗೆಯಿಂದ ಎಳೆದು ಮೇಲೆ ಬಿಡ್ಬೇಕು." ತಿರುಗಿಸಿ ಕೂರಿಸಿದೆ. ಈಗ ಕೋಣೆಯ ಗಾಳಿ ನಾಲ್ಕು ಬದಿಯ ಫಿಲ್ಟರಿನಿಂದ ಒಳಗೆ ಹೋಗುತ್ತದೆ, ಸೋಸಿಕೊಂಡು ಮೇಲಿನಿಂದ ಹೊರಗೆ ಬರುತ್ತದೆ. ರುಖಿಯಮ್ಮ ಮರುದಿನ ತಲೆಗೆ ಹೊದೆದ ತಟ್ಟವನ್ನು ಮೂಗಿಗೆ ಹಿಡಿಯದೆ ಬೆಂಚಿನಲ್ಲಿ ಕೂತು ನಿನ್ನನ್ನು ಕೇಳಿದರು. ಬರುತ್ತಾಳೆ ಎಂದೆ.

ಬೆಂಚಿನ ಹತ್ತಿರ ಎರಡು ದಿನ ಇಟ್ಟು, ಆಮೇಲೆ ಪೆಟ್ಟಿಗೆಯ ಬಟ್ಟೆ ಬದಲಿಸಿ ನಮ್ಮ ಹಿಂದಿನ ಕೋಣೆಗೆ ಒಯ್ದೆ. ಅಲ್ಲಿ ಎಂತ ಹುಡಿ ಇರುತ್ತದೆ, ನಡುವೆ ಬಾಗಿಲು ಇದೆಯಲ್ಲ ಎಂದೇ ನನ್ನ ಲೆಕ್ಕ. ನಿಜ ಹೇಳಬೇಕೆಂದರೆ ಅದರ ಗುಂಯ್ ಸದ್ದಿಗಾಗಿಯೇ ಒಯ್ದದ್ದು, ಮನೆಯಲ್ಲಿ ಯಾರೋ ಇದ್ದಾರೆ ಅನಿಸುತ್ತದೆ. ಎಂಟು ದಿನ ಕಳೆದು ಸೀರೆಯ ತುಂಡು ಬಿಚ್ಚಿದೆ. ಸುಂದರಿ, ಅದು ಬಿಳಿಯಾಗಿರಲಿಲ್ಲ. ಮಂಚದ ಕಡೆಗಿದ್ದ ಬದಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಬಕೆಟಿನಲ್ಲಿ ನೆನೆ ಹಾಕಿದರೆ ನೀರು ಸಾರಿನ ಹಾಗಾಯಿತು, ಕೈ ಉರಿಯಿತು. ಮಿಲ್ಲಿನಲ್ಲಿ ಅಲ್ಲ, ನೀನು ಮಲಗುತ್ತಿದ್ದ ಜಾಗದಲ್ಲಿ, ಬರೀ ಎಂಟು ದಿನಕ್ಕೆ. ಮಿಷನಿನ ಎದುರು ನಿಲ್ಲುವಾಗ ನಾನು ಹೆಗಲ ಬೈರಾಸನ್ನು ಮುಖಕ್ಕೆ ಸುತ್ತಿಕೊಳ್ಳುತ್ತಿದ್ದೆ. ನೀನು ಒಳಗೆ ಬರೀ ಮುಖದಲ್ಲಿ ಅಡಿಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಇದ್ದೆ. ನಂಗೆ ಯಾಕೆ ಬರುದಿಲ್ಲ ಎಂದು ಕೇಳಿದೆನಲ್ಲ, ಅದಕ್ಕೆ ಉತ್ತರ ನನ್ನ ಹೆಗಲ ಮೇಲೆಯೇ ಇತ್ತು. ಬಚ್ಚಲಲ್ಲಿ ಕೂತು ಆ ಬಟ್ಟೆಯನ್ನು ಮೂರು ಸಲ ಒಗೆದೆ. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತದ್ದು ನಿಜ.

ಒಂದು ವಿಷಯ ಮುಚ್ಚಿಡುವುದಿಲ್ಲ. ಭವಿತಾಳನ್ನು ಕೇಳಿದೆ, ಇದು ಇದ್ದರೆ ಅಮ್ಮ ಬಂದು ಇರಬಹುದಾ ಎಂದು. ಗ್ಯಾರಂಟಿ ಇಲ್ಲ ಎಂದಳು. ಪೆಟ್ಟಿಗೆ ಹುಡಿಯನ್ನು ಹಿಡಿಯುತ್ತದೆ, ಹಾಳಾದ ಎದೆಯನ್ನು ಹಿಂದೆ ಕೊಡುವುದಿಲ್ಲ ಎಂದಳು. ನಡುವಿನ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆದಿದ್ದೇನೆ. ಮೆಣಸು ಹುಡಿ ಮಾಡುವುದನ್ನು ನಿಲ್ಲಿಸಿ ಬಂದವರನ್ನು ಬೇರೆ ಮಿಲ್ಲಿಗೆ ಕಳಿಸುತ್ತಿದ್ದೇನೆ. ಇನ್ನೆಂತ ಮಾಡಬೇಕು, ನೀನೇ ಹೇಳು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಲತೀಶನಿಗೆ ನೆನಪುಗಳು. ಅಲ್ಲಿ ಬಚ್ಚಲ ಒಲೆಗೆ ಬೆಂಕಿ ಮಾಡುವ ಕೆಲಸ ನಿನಗೆ ಬೇಡ, ಲತೀಶ ಮಾಡಲಿ. ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ದೇವರು ನಿನಗೆ ಉಸಿರು ಸಲೀಸು ಮಾಡಲಿ.

ನಿನ್ನವನೇ ಆದ
ತೀರ್ಥರಾಮ

ತಾ.ಕ.: ಪಂಜದ ಬಸ್ಸು ಬಂತು, ಕಂಡಕ್ಟರ್ ಕಾಗದಕ್ಕೆ ಕೈ ಚಾಚಿ ನಿಂತಿದ್ದಾನೆ. ನೀನು ಬಚ್ಚಲಿಗೆ ಹೋಗಿ, ನಳ್ಳಿ ಬಿಟ್ಟು, ನನಗೆ ಕೇಳದ ಹಾಗೆ ಕೆಮ್ಮುತ್ತಿದ್ದೆಯಲ್ಲ, ಅದು ನನಗೆ ಕೇಳುತ್ತಿತ್ತು. ವರ್ಷಗಟ್ಟಲೆ ಕೇಳಿಯೂ ಸುಮ್ಮನಿದ್ದೆ. ಆದಿತ್ಯವಾರ ಬಾ, ಆ ಕೋಣೆಯಲ್ಲಿ ಒಂದು ಗಂಟೆ ಕೂತು ನೋಡು. ಕೆಮ್ಮು ಬಂದರೆ ನನ್ನ ಮುಖ ನೋಡಿ ತಡೆದುಕೊಳ್ಳಬೇಡ, ನನ್ನ ಎದುರೇ ಕೆಮ್ಮು. ಆಗ ಮಿಲ್ಲಿಗೆ ಬೀಗ ಹಾಕಿ ನಾನೂ ನಿನ್ನ ಜೊತೆಗೆ ಪಂಜಕ್ಕೆ ಬರುತ್ತೇನೆ.