ಹತ್ತು ಲಕ್ಷದ ಒಂದು

ಜೂನ್ 19, ಮಂಗಳವಾರ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ, ನಾಟಕ ತಂಡದ ಜೊತೆ ಊರೂರು ಸುತ್ತುವವಳಿಗೆ ಏನು ಧಾಡಿ! ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಪ್ಪ ಹೋದ ಮೇಲೆ ಕಾಲೇಜಿಗೆ ಹೋಗುವುದು, ಗಣಿತ ಹೇಳುವುದು, ಬಂದು ಬಿದ್ದುಕೊಳ್ಳುವುದು, ಇಷ್ಟೇ ಆಗಿದೆ.

"ಅಪ್ಪ ಕೊನೆಗೆ ಏನಂದ್ರು?" ಎಂದು ಕೇಳಿದ್ದೀಯ. ಯಂತ್ರಗಳಿಗೆ ಹಲ್ಲುಚಕ್ರ ಕೊರೆದು ಬದುಕಿದವರು ಏನನ್ನುತ್ತಾರೆ? ಹಲ್ಲಿನ ಲೆಕ್ಕ ಸರಿಯಾಗಿ ಭಾಗವಾಗದಿದ್ದರೆ ಕೊರೆಯುವುದು ಕಷ್ಟವೆಂದು, ಸಂಖ್ಯೆ ಕಂಡರೆ ಸಾಕು, ಒಡೆದು ನೋಡುವ ಚಾಳಿ. ಊಟಕ್ಕೆ ಕೂತಾಗ ನಮಗೂ ಒಂದು ಕೊಟ್ಟು "ಒಡೀರಿ ನೋಡೋಣ" ಎನ್ನುತ್ತಿದ್ದರಲ್ಲ, ಹಾಸಿಗೆ ಹಿಡಿದ ಮೇಲೂ ಒಂದನ್ನೇ ಜಪಿಸಿದರು: ಹತ್ತು ಲಕ್ಷದ ಒಂದು. ಯಾವ ಕಡೆಯಿಂದ ಓದಿದರೂ ಒಂದೇ, ನಡುವೆ ಬರೀ ಸೊನ್ನೆ. "ಇದು ಒಡೆಯುತ್ತಾ, ಗಟ್ಟಿನಾ?" ನಮ್ಮ ಮನೆಯಲ್ಲಿ ಅವಿಭಾಜ್ಯಕ್ಕೆ ಗಟ್ಟಿ ಎಂದೇ ಹೆಸರು.

ನಾನು ಬಾಯಿ ತೆರೆಯುವ ಮೊದಲೇ ಫೋನಿನಲ್ಲಿ ನಿನ್ನನ್ನು ಕೇಳಿದರು. ನೀನು ಮೂರು, ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿದೆ. ಎಲ್ಲಕ್ಕೂ ಎರಡೇ ಶೇಷ. "ಗಟ್ಟಿ ಅಪ್ಪಾ, ಕಲ್ಲು!" ಎಂದುಬಿಟ್ಟೆ. ಅವರ ಮುಖ ಅರಳಿತು. "ಇಲ್ಲಪ್ಪ, ಒಡೆಯುತ್ತೆ" ಎಂದೆ ನಾನು. "ಸುಮ್ನಿರೇ, ಪುಟ್ಟಿ ಹೇಳಿದ್ದಾಳೆ" ಎಂದರು. ಜೀವಮಾನವಿಡೀ ಗಣಿತ ಕಲಿಸಿದವಳು ನಾನು, ತಾಯಿ! ಹಿತ್ತಲ ಗಿಡ ಮದ್ದಲ್ಲ, ಇನ್ನೇನು.

ಸಾವಿರದ ವರ್ಗಕ್ಕೆ ಒಂದನ್ನು ಕೂಡಿದರೂ ಅದೇ ಸಂಖ್ಯೆ. 980ರ ವರ್ಗಕ್ಕೆ 199ರ ವರ್ಗ ಕೂಡಿದರೂ ಅದೇ. ಗಟ್ಟಿ ಸಂಖ್ಯೆ ಹೀಗೆ ಎರಡು ಬಗೆಯಲ್ಲಿ ಜೋಡಿ ವರ್ಗಗಳಾಗಿ ಬಿಡಿಸಿಕೊಳ್ಳುವುದೇ ಇಲ್ಲ. ಹೇಳಿದರೆ ಕೇಳುವವರಾರು? ಬಾಯಿ ಒರೆಸುವ, ಮಗ್ಗುಲು ಹೊರಳಿಸುವ ಕೈ ನನ್ನದು. ನಂಬಿಕೆ ನಿನ್ನ ಮೇಲೆ. "ಪ್ರದರ್ಶನ ಇದೆ ಅಕ್ಕಾ" ಎಂದು ನೀನು ಬರಲೂ ಇಲ್ಲ.

ಸುಳ್ಳೇಕೆ ಹೇಳಲಿ, ನಿನ್ನ ಮೇಲೆ ಸಿಟ್ಟಿದೆ. ಆದರೂ ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು. ಅಪ್ಪನ ಉಕ್ಕಿನ ಅಳತೆಪಟ್ಟಿ ನಿನಗೆಂದು ಎತ್ತಿಟ್ಟಿದ್ದೇನೆ.

ಇಂತಿ,
ನಿನ್ನ ಅಕ್ಕ

ಮೇಲೆ ಬರೆಯದೆ ಬಿಟ್ಟದ್ದು: ಅಪ್ಪ ಹೋದ ದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಮಾತ್ರೆಯ ಡಬ್ಬಿಯ ಮೇಲೆ 101 × 9901 ಎಂದು ದೊಡ್ಡದಾಗಿ ಬರೆದು, ಗುಣಿಸಿ, ಕಣ್ಣ ಮುಂದೆ ಹಿಡಿದೆ. ತುಟಿ ಆಡಿಸುತ್ತಾ ಒಂದೊಂದೇ ಅಂಕಿ ನೋಡಿದರು. ಕಣ್ಣು ತುಂಬಿ ಬಂತು. "ಸರಿ ಇದೆ ಕಣೇ, ಒಡೀತು!" ಎಂದು ನನ್ನ ಕೈ ಹಿಡಿದರು. ಪುಟ್ಟಿ, ಆ ಒಂದು ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಆಮೇಲೆ ಕೇಳಿದರು, "ಪುಟ್ಟಿ ಮಾಡಿದ್ಲಾ?"

ಹೌದಪ್ಪ ಅಂದೆ.