ಡಾಕ್ಟರಮ್ಮ ಕೇಳದೆ ಬಿಟ್ಟ ಪ್ರಶ್ನೆ

ತಂಗೀ, ಸತ್ತವಳಿಗೆ ಪತ್ರ ಬರೆಯುವಷ್ಟು ಸಿಟ್ಟು ಬಂದಿದೆ.

ನಿನ್ನ ಮಗಳಿಗೆ ಒಂಬತ್ತು ತುಂಬಿತು. ಬೆಳಿಗ್ಗೆ ಕಲಿತದ್ದು ಸಂಜೆಗೆ ನೆನಪಿರುವುದಿಲ್ಲ. ಇವತ್ತು ಡಾಕ್ಟರಮ್ಮ ಅವಳ ತೆಳ್ಳನೆಯ ಮೇಲ್ದುಟಿ ನೋಡಿ, ಅವಳನ್ನು ಹೊರಗೆ ಕೂರಿಸಿ, ಫಾರಂ ಮುಂದಿಟ್ಟುಕೊಂಡು ಕೇಳಿದರು: “ಬಸುರಿಯಾಗಿದ್ದಾಗ ತಾಯಿ ಕುಡೀತಿದ್ರಾ?”

“ಛೇ! ನಮ್ಮನೇಲಿ ಅಂಥದ್ದೆಲ್ಲ ಇಲ್ಲ” ಎಂದೆ.

“ಎಲ್ರೂ ಹೀಗೇ ಅಂತೀರಿ. ಅದಕ್ಕೇ ಸರ್ಕಾರದ ಲೆಕ್ಕದಲ್ಲಿ, ಹೊಟ್ಟೇಲಿದ್ದಾಗಲೇ ಕುಡಿತದಿಂದ ಮಿದುಳಿಗೆ ಏಟು ಬಿದ್ದ ಇಂಥ ಮಕ್ಕಳೇ ಇಲ್ಲ. ಇಲ್ಲದ ಮಕ್ಕಳಿಗೆ ಸ್ಪೆಷಲ್ ಟೀಚರ್‌ನ ಯಾರು ಕೊಡ್ತಾರೆ?” ಎನ್ನುತ್ತ ‘ಇಲ್ಲ’ಕ್ಕೆ ಗುರುತು ಹಾಕಿದರು.

ಹೊರಗೆ ನಿನ್ನ ಮಗಳು, ಬೆಳಿಗ್ಗೆ ನಾನು ಹೇಳಿಕೊಟ್ಟಿದ್ದ ಶೂ ಲೇಸನ್ನು ಇನ್ನೂ ಕಟ್ಟಲು ಒದ್ದಾಡುತ್ತಿದ್ದಳು.

ನಿನ್ನ ಮಾನ ಕಾಪಾಡಿದೆ ಎಂದು ಬೀಗಬೇಡ. ಹೌದು ಎಂದಿದ್ದರೆ, ಬಾಟಲಿ ತಂದುಕೊಡುತ್ತಿದ್ದವರು ಯಾರು ಎಂದೂ ಕೇಳುತ್ತಿದ್ದರು.

ನಿನಗೆ ನಿದ್ದೆ ಬರಲಿ ಅಂತ ತಾನೇ ನಾನು ತರುತ್ತಿದ್ದೆ.