ಇಳಿತದ ಹೊತ್ತಿನ ಸೇತುವೆ

ಗ್ರೇಟ್ ಯಾರ್ಮತ್
ಭಾನುವಾರ, ಆಗಸ್ಟ್ 14

ನೆವಿಲ್‌ಗೆ,

ಮೊದಲು ಇಷ್ಟು ಓದಿಬಿಡು: ನಮ್ಮ ಬ್ರಯನಿ ಬದುಕಿದ್ದಾಳೆ. ಉಳಿದದ್ದನ್ನು ಕೂತು ಓದು.

ನನ್ನ ಫೋನನ್ನು ನೀನು ಎತ್ತುವುದಿಲ್ಲ. ಶೆರಿಂಗಮ್ಮಿನಲ್ಲಿ ನೀನು ಓಡಿಸುವ ಹಬೆ ರೈಲು ಹತ್ತಲು ಬರುವ ಪ್ರವಾಸಿಗರು ನಿನ್ನೆಯ ಸುದ್ದಿಗೆ ರೆಕ್ಕೆಪುಕ್ಕ ಕಟ್ಟಿ ಹೇಳುತ್ತಾರೆ. ಅದಕ್ಕೆ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಪಕ್ಕದ ಅಂಗಡಿಯ ಡೊರೀನ್ ಆ ಕಡೆಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನಿನ್ನ ಎಂಜಿನ್ನಿಗೆ ಕಲ್ಲಿದ್ದಲು ಹಾಕುವುದನ್ನು ಬಿಟ್ಟು ಅವಳು ಈ ನದಿಕಟ್ಟೆಯ ಕೆಲಸಕ್ಕೆ ಸೇರಿದಾಗ ನೀನು ಏನೆಂದೆ, ನೆನಪಿದೆಯೇ? "ನನ್ನ ತಮ್ಮನ್ನ ನುಂಗಿದ ನೀರಿಗೇ ಕೂಲಿಗೆ ಹೋಗ್ತೀಯಾ? ಹಾಗಾದ್ರೆ ಈ ಮನೆ ಕಡೆ ತಲೆ ಹಾಕ್ಬೇಡ." ಹಠದಲ್ಲಿ ಅವಳೂ ನಿನ್ನ ಮಗಳೇ, ತಲೆ ಹಾಕಲಿಲ್ಲ. ಅವಳ ಹಿಂದೆಯೇ ನಾನೂ ಬಂದು ಇಲ್ಲಿ ಚಹಾದಂಗಡಿ ಇಟ್ಟೆ. ಬಾಡಿಗೆ ದೋಣಿಗಳಲ್ಲಿ ರಜೆ ಕಳೆಯುವವರ ಹಗ್ಗ ಹಿಡಿದು ದಡಕ್ಕೆ ಕಟ್ಟುವುದು ಅವಳ ಕೆಲಸ. ಎರಡು ವರ್ಷದಿಂದ ನಗುನಗುತ್ತಲೇ ಮಾಡುತ್ತಿದ್ದಾಳೆ.

ನಿನ್ನೆ ಮಧ್ಯಾಹ್ನ ಉಬ್ಬರ ಮುಗಿದು ಸಮುದ್ರ ಇಳಿಯುತ್ತಿತ್ತು. ನದಿ ತೂಬು ಕಿತ್ತ ಹಾಗೆ ಓಡುತ್ತಿತ್ತು. ಅಷ್ಟರಲ್ಲಿ ಎಂಜಿನ್ ಕೆಟ್ಟ ದೋಣಿಯೊಂದು ಅಡ್ಡಡ್ಡಲಾಗಿ ತೇಲಿಬಂತು. ಲೆಸ್ಟರಿನಿಂದ ರಜೆಗೆ ಬಂದ ಗಂಡಹೆಂಡತಿ ಕೆಳಗೆ ಎಂಜಿನ್ನಿನ ಬಟನ್ ಒತ್ತುತ್ತಾ ಒದ್ದಾಡುತ್ತಿದ್ದರು. ಅವರ ಅಜ್ಜಿ ಮೇಲಿನ ತೆರೆದ ಆಸನದಲ್ಲಿ, ಮಡಿಲಲ್ಲಿ ಚಿಪ್ಸ್ ಇಟ್ಟುಕೊಂಡು, ಸೇತುವೆಗೆ ಬೆನ್ನು ಹಾಕಿ ಕೂತಿದ್ದರು. ಆ ಸೇತುವೆ ಎಷ್ಟು ತಗ್ಗು ಎಂದು ನಿನಗೆ ಗೊತ್ತು.

"ಅಜ್ಜೀ, ಕೆಳಗಿಳೀರಿ! ಕೆಳಗೆ!" ಎಂದು ಬ್ರಯನಿ ಕಿರುಚಿದಳು. ತನಗೆ ನಮಸ್ಕಾರ ಹೇಳುತ್ತಿದ್ದಾಳೆ ಎಂದುಕೊಂಡು ಆ ಮುದುಕಿ ಕೈ ಬೀಸಿದರು.

ಬ್ರಯನಿ ಕಟ್ಟೆಯುದ್ದಕ್ಕೂ ಓಡಿದಳು. ನಾನು ಕೆಟಲ್ ಹಿಡಿದುಕೊಂಡೇ "ಬೇಡ ಕಣೇ!" ಎಂದು ಕೂಗಿದೆ. ಅವಳು ಆಗಲೇ ದೋಣಿಗೆ ಹಾರಿಯಾಗಿತ್ತು. ಮೇಲೆ ಹತ್ತಿ, ಮುದುಕಿಯ ಸೊಂಟ ತಬ್ಬಿ, ಕೆಳಗಿಳಿಯುವ ಮೆಟ್ಟಿಲ ಗುಂಡಿಯೊಳಕ್ಕೆ ನೂಕುವುದಷ್ಟೇ ನನಗೆ ಕಂಡಿದ್ದು. ಆಮೇಲೆ ಸೇತುವೆಯ ಉಕ್ಕಿಗೆ ತಾಗಿ ದೋಣಿ ಸೀಳುವ ಸದ್ದು. ದೋಣಿ ಸೇತುವೆಯ ಕೆಳಗೆ ಹೋಯಿತು.

ಕಾರುಗಳಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಿ ಸೇತುವೆಯ ಆಚೆ ಬದಿಯ ದಡಕ್ಕೆ ಬಂದೆ. ದೋಣಿ ಹೊರಗೆ ಬಂತು, ನೆವಿಲ್. ಮೇಲ್ಭಾಗವೇ ಇರಲಿಲ್ಲ. ಯಾರೂ ಕಾಣಲಿಲ್ಲ. ನಿನ್ನ ತಮ್ಮನನ್ನು ಹುಡುಕಿದ ದಿನ ನೀನು ದಡದಲ್ಲಿ ಹೇಗೆ ನಿಂತಿದ್ದೆಯೋ ಹಾಗೆ ನಿಂತೆ. ಅವತ್ತು ನೀನು ಯಾಕೆ ಮಾತಾಡಲಿಲ್ಲ ಎಂದು ನಿನ್ನೆ ಅರ್ಥವಾಯಿತು.

ಆಗ ಒಳಗಿನಿಂದ ಮುದುಕಿಯ ದನಿ: "ಯಾರಾದ್ರೂ ಬನ್ರೋ! ಈ ಹುಡುಗಿ ನನ್ ಮೇಲೆ ಬಿದ್ದಿದ್ದಾಳೆ, ಏಳ್ತಾನೇ ಇಲ್ಲ!"

ದೋಣಿ ಬ್ರೇಡನ್ ಎಂಬ ದೊಡ್ಡ ಹಿನ್ನೀರಿಗೆ ಸೇರುವಷ್ಟರಲ್ಲಿ ರಕ್ಷಣಾ ದೋಣಿಯವರು ಹಿಡಿದು ನಿಲ್ಲಿಸಿದರು. ಸ್ಟ್ರೆಚರಿನ ಮೇಲೆ ಅವಳ ಮುಖ ಬೂದಿಯಂತಿತ್ತು. ಕಣ್ಣು ಬಿಟ್ಟು, "ಅಮ್ಮಾ, ಅಂಗಡಿ ಯಾರಿಗೆ ಬಿಟ್ಟು ಬಂದೆ?" ಎಂದಳು. ನಾನು ಬೈದೆ. ಬೈಯುತ್ತಾ ಅತ್ತೆ. ಕೆಟಲ್ ಇನ್ನೂ ಕೈಯಲ್ಲೇ ಇತ್ತು.

ಭುಜದ ಮೂಳೆ ಒಡೆದಿದೆ. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದೆ. ನಾಳೆ ಬೆಳಿಗ್ಗೆ ಆಪರೇಷನ್. ಹೆದರಬೇಡಿ ಎಂದರು ಡಾಕ್ಟರು, ಆದರೆ ನನ್ನ ಮುಖ ನೋಡದೆ ಎಂದರು. ಅಜ್ಜಿಗೆ ಒಂದು ತರಚುಗಾಯವೂ ಇಲ್ಲ. ವಾರ್ಡಿನ ಬಾಗಿಲಲ್ಲಿ ಕೂತಿದ್ದಾರೆ, ಎಷ್ಟು ಹೇಳಿದರೂ ಹೋಗುತ್ತಿಲ್ಲ.

ನೀನು ಬಾ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಅವಳೂ ಕೇಳಿಲ್ಲ. ಆಗಸ್ಟಿನ ಜನಸಂದಣಿಯಲ್ಲಿ ನಿನ್ನ ರೈಲಿಗೆ ಬೇರೆ ಚಾಲಕ ಸಿಗುವುದು ಕಷ್ಟವೆಂದೂ ಬಲ್ಲೆ. ತಂದೆಗೆ ಗೊತ್ತಿರಬೇಕು, ಅಷ್ಟೇ.

ಇಂತು,
ಲೋರ್ನಾ

ತಾ.ಕ.: ಅವಳು ಕೇಳಿಲ್ಲ ಎಂದದ್ದು ಅರ್ಧ ಮಾತು. ಆಂಬುಲೆನ್ಸಿನಲ್ಲಿ ನನ್ನ ತೋಳು ಹಿಡಿದು ಹೇಳಿದಳು: "ಅಪ್ಪಂಗೆ ಹೇಳ್ಬೇಡಮ್ಮ. ಹೇಳಿದ್ ಮೇಲೂ ಬರ್ಲಿಲ್ಲ ಅಂದ್ರೆ ನಂಗೆ ತಡ್ಕೊಳ್ಳೋಕಾಗಲ್ಲ." ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಡೊರೀನ್ ಸಂಜೆಯೇ ಅಲ್ಲಿಂದ ವಾಪಸ್ ಇಲ್ಲಿಗೆ ಹೊರಡುತ್ತಾಳೆ. ಅವಳ ಕಾರಿನಲ್ಲಿ ಪಕ್ಕದ ಸೀಟು ಖಾಲಿ ಇದೆ.